ಮಿದುಳು ಪ್ರಯೋಗಶಾಲೆಯ ಕಿರಿಯ ಸಹಾಯಕರು: ದುಡಿಮೆ, ತರಬೇತಿ ಮತ್ತು ಲೆಕ್ಕಾಚಾರ

ಅನುಭವವಿಲ್ಲದ ಕಿರಿಯರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಪ್ರತಿಯೊಬ್ಬ ಉದ್ಯಮಿಯ ಮುಂದೆ ಮೂರು ಪ್ರಶ್ನೆಗಳು ಇದ್ದೇ ಇರುತ್ತವೆ. ಅವರು ಮಾಡಿದ ಕೆಲಸದ ಶುದ್ಧತೆಯನ್ನು ಖಾತರಿಪಡಿಸಿಕೊಳ್ಳುವುದು ಹೇಗೆ? ಅವರಿಗೆ ಸಲ್ಲಬೇಕಾದ ಪ್ರತಿಫಲವೆಷ್ಟು? ಕಲಿಕೆಯ ಕಾಲದಲ್ಲಿ ಆಗುವ ವೆಚ್ಚವನ್ನು ಯಾರು ಭರಿಸಬೇಕು? ಅಂಗಡಿ, ಕಾರ್ಖಾನೆ, ಲೆಕ್ಕ ಪರಿಶೋಧಕರ ಕಚೇರಿ, ಎಲ್ಲೆಡೆಯೂ ಇವು ಹಳೆಯ ಪ್ರಶ್ನೆಗಳೇ. ಇದೇ ಪ್ರಶ್ನೆಗಳು ವ್ಯಾಪಾರ ಜಗತ್ತಿಗೆ ಬಹುದೂರವೆಂದು ತೋರುವ ಒಂದು ಕ್ಷೇತ್ರದಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಎದುರಾಗಿವೆ. ಅದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿನ ಮಿದುಳು ಸಂಶೋಧನೆಯ ಪ್ರಯೋಗಶಾಲೆ. ಅಲ್ಲಿ ದೈನಂದಿನ ಕೆಲಸದ ಗಣನೀಯ ಭಾಗವನ್ನು ಇನ್ನೂ ಪದವಿ ಪೂರೈಸದ ವಿದ್ಯಾರ್ಥಿಗಳು ನಿರ್ವಹಿಸುತ್ತಾರೆ. ಆ ವ್ಯವಸ್ಥೆಯ ಗುಣದೋಷಗಳನ್ನು ವರ್ತಕರ ಮತ್ತು ಸಣ್ಣ ಉದ್ಯಮಿಗಳ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ನೆನಪು, ಗಮನ, ಭಾಷೆ, ನಿರ್ಧಾರ ಮುಂತಾದ ಮನೋವ್ಯಾಪಾರಗಳು ಮಿದುಳಿನಲ್ಲಿ ಹೇಗೆ ನಡೆಯುತ್ತವೆ ಎಂಬುದನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಕಾಗ್ನಿಟಿವ್ ನ್ಯೂರೋಸೈನ್ಸ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಅರಿವಿನ ನರವಿಜ್ಞಾನ ಎನ್ನಬಹುದು. ಮೈಕೆಲ್ ಗಜಾನಿಗ ಮತ್ತು ಜಾರ್ಜ್ ಮಿಲ್ಲರ್ ಎಂಬ ವಿದ್ವಾಂಸರು 1970ರ ದಶಕದ ಕೊನೆಯಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಈ ಶಾಸ್ತ್ರದ ಎರಡು ಮುಖ್ಯ ಸಾಧನಗಳೆಂದರೆ ಇಇಜಿ ಮತ್ತು ಎಫ್‌ಎಂಆರ್‌ಐ. ಮಿದುಳಿನ ವಿದ್ಯುತ್ ಏರಿಳಿತಗಳನ್ನು ತಲೆಯ ಮೇಲಿನಿಂದಲೇ ದಾಖಲಿಸುವ ಇಇಜಿಯನ್ನು ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೇಲೆ ಮೊದಲ ಬಾರಿಗೆ ಪ್ರಯೋಗಿಸಿ 1929ರಲ್ಲಿ ಪ್ರಕಟಿಸಿದರು. ಎಫ್‌ಎಂಆರ್‌ಐಗೆ ಆಧಾರವಾದ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಅವಲಂಬಿಸಿದ ಸಂಕೇತವನ್ನು ಸೇಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದರು. ಈ ಶೋಧ ನಡೆದದ್ದು ದೂರವಾಣಿ ಕಂಪನಿಯೊಂದರ ಸಂಶೋಧನಾ ವಿಭಾಗವಾದ ಬೆಲ್ ಲ್ಯಾಬ್ಸ್‌ನಲ್ಲಿ ಎಂಬುದು ಗಮನಾರ್ಹ.

ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಯಲ್ಲಿ ತೊಡಗಿಸುವ ಪದ್ಧತಿಗೆ ವ್ಯವಸ್ಥಿತ ರೂಪ ದೊರೆತ ಕಥೆಯಲ್ಲಿಯೂ ಒಬ್ಬ ಉದ್ಯಮಿಯ ಪಾತ್ರವಿದೆ. ಪೋಲರಾಯ್ಡ್ ಕಂಪನಿಯ ಸ್ಥಾಪಕ ಎಡ್ವಿನ್ ಲ್ಯಾಂಡ್ 1957ರಲ್ಲಿ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ (ಎಂಐಟಿ) ಉಪನ್ಯಾಸ ನೀಡಿ, ವಿದ್ಯಾರ್ಥಿಗೆ ಕಾಲೇಜು ಸೇರಿದ ಆರಂಭದಿಂದಲೇ ಸ್ವಂತ ಸಂಶೋಧನೆಯ ಅವಕಾಶ ದೊರೆಯಬೇಕೆಂದು ವಾದಿಸಿದರು. ಅದರಿಂದ ಪ್ರೇರಿತರಾದ ಪ್ರಾಧ್ಯಾಪಕಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಯೋಜನೆಯನ್ನು ಆರಂಭಿಸಿದರು. ಮುಂದೆ 1987ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಇಂಥ ಅನುಭವಕ್ಕೆ ಶಿಷ್ಯವೇತನ ನೀಡುವ ಯೋಜನೆಯನ್ನು ಜಾರಿಗೆ ತಂದಿತು.

ಕೆಲಸದ ಸ್ವರೂಪ

ಪ್ರಯೋಗಶಾಲೆಯ ರಚನೆ ಮಧ್ಯಮ ಗಾತ್ರದ ಒಂದು ಕಾರ್ಖಾನೆಯಂತೆಯೇ ಇರುತ್ತದೆ. ಮೇಲೆ ಪ್ರಧಾನ ಸಂಶೋಧಕರು. ಅವರ ಕೆಳಗೆ ಡಾಕ್ಟರೇಟ್ ಪಡೆದ ಸಂಶೋಧಕರು, ಪಿಎಚ್‌ಡಿ ವಿದ್ಯಾರ್ಥಿಗಳು. ದಿನನಿತ್ಯದ ಆಡಳಿತಕ್ಕೆ ಒಬ್ಬ ವ್ಯವಸ್ಥಾಪಕರು. ಕೊನೆಯ ಸಾಲಿನಲ್ಲಿ ವಾರಕ್ಕೆ ಎಂಟು-ಹತ್ತು ಗಂಟೆ ಬಂದು ಹೋಗುವ ಪದವಿ ವಿದ್ಯಾರ್ಥಿಗಳು.

ಇಇಜಿ ಪ್ರಯೋಗವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪ್ರಯೋಗಕ್ಕೆ ಒಪ್ಪಿದ ವ್ಯಕ್ತಿಗೆ ದೂರವಾಣಿ ಮಾಡಿ ದಿನ ಗೊತ್ತುಪಡಿಸುವುದು, ಬಂದೊಡನೆ ಒಪ್ಪಿಗೆ ಪತ್ರವನ್ನು ಓದಿ ವಿವರಿಸಿ ಸಹಿ ಪಡೆಯುವುದು ಮೊದಲ ಹಂತ. ಅನಂತರ ಮೂಗಿನ ಮೇಲ್ತುದಿಯಿಂದ ತಲೆಯ ಹಿಂಬದಿಯ ಎಲುಬಿನ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಟೇಪಿನಿಂದ ಅಳತೆ ತೆಗೆದು ನಡುಬಿಂದುವನ್ನು ಗುರುತಿಸಬೇಕು. ಆ ಬಿಂದುವಿಗೆ ಸರಿಯಾಗಿ 32, 64 ಅಥವಾ 128 ವಿದ್ಯುದ್ವಾರಗಳುಳ್ಳ ಟೋಪಿಯನ್ನು ತೊಡಿಸಿ, ಒಂದೊಂದರ ಕೆಳಗೂ ಕೂದಲು ಸರಿಸಿ ಜೆಲ್ ತುಂಬಬೇಕು. ಚರ್ಮಕ್ಕೂ ವಿದ್ಯುದ್ವಾರಕ್ಕೂ ನಡುವಣ ತಡೆ ನಿಗದಿತ ಮಿತಿಯೊಳಗೆ ಇಳಿಯುವವರೆಗೆ ಒಂದೊಂದನ್ನೂ ಸರಿಪಡಿಸಬೇಕು. ಪ್ರಯೋಗ ನಡೆಯುವಾಗ ವ್ಯಕ್ತಿ ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ, ತೂಕಡಿಸಿದರೆ ಆ ಸಮಯವನ್ನು ದಾಖಲಿಸಬೇಕು. ಕೊನೆಯಲ್ಲಿ ಟೋಪಿಯನ್ನು ತೊಳೆದು ಒಣಗಿಸಬೇಕು. ಅಳತೆ ಒಂದು ಸೆಂಟಿಮೀಟರ್ ತಪ್ಪಿದರೂ ಅನಂತರ ಯಾವ ಕಂಪ್ಯೂಟರೂ ಅದನ್ನು ತಾನಾಗಿ ಪತ್ತೆ ಮಾಡಲಾರದು.

ಎಫ್‌ಎಂಆರ್‌ಐ ಪ್ರಯೋಗದಲ್ಲಿ ಹೊಣೆ ಇನ್ನೂ ಹೆಚ್ಚು. ಯಂತ್ರದ ಕಾಂತಬಲ ಸಾಮಾನ್ಯವಾಗಿ 3 ಟೆಸ್ಲಾ. ದೇಹದಲ್ಲಿ ಪೇಸ್‌ಮೇಕರ್ ಇರುವುದೇ, ಕಣ್ಣಿಗೆ ಎಂದಾದರೂ ಲೋಹದ ಚೂರು ಹೊಕ್ಕಿತ್ತೇ ಎಂದು ಪ್ರಶ್ನಾವಳಿಯ ಪ್ರಕಾರ ಕೇಳಿ ಬರೆದುಕೊಳ್ಳುವ ಕೆಲಸವನ್ನು ಅನೇಕ ವೇಳೆ ಇಪ್ಪತ್ತು ವರ್ಷದ ವಿದ್ಯಾರ್ಥಿಯೇ ಮಾಡುತ್ತಾನೆ ಅಥವಾ ಮಾಡುತ್ತಾಳೆ. ಆದುದರಿಂದಲೇ ಮನುಷ್ಯರ ಮೇಲಿನ ಸಂಶೋಧನೆಯ ನೀತಿಸೂತ್ರಗಳ ಬಗ್ಗೆ ತರಬೇತಿ ಮುಗಿಸದ ಹೊರತು ಯಾವ ವಿದ್ಯಾರ್ಥಿಗೂ ಪ್ರಯೋಗಾರ್ಥಿಗಳೊಡನೆ ವ್ಯವಹರಿಸಲು ಅನುಮತಿ ಇರುವುದಿಲ್ಲ. ಟಸ್ಕೀಗಿ ಎಂಬಲ್ಲಿ ಕಪ್ಪು ಜನರ ಮೇಲೆ ನಡೆದ ಅನ್ಯಾಯದ ಪ್ರಯೋಗ 1972ರಲ್ಲಿ ಬಯಲಾದ ಬಳಿಕ, 1974ರ ರಾಷ್ಟ್ರೀಯ ಸಂಶೋಧನಾ ಕಾಯ್ದೆ ಮತ್ತು 1979ರ ಬೆಲ್ಮಾಂಟ್ ವರದಿಗಳ ಮೂಲಕ ಈ ನಿಯಮಗಳು ರೂಪುಗೊಂಡವು.

ತಾಳೆ ನೋಡುವ ಶಿಸ್ತು

ಲೆಕ್ಕ ಬರೆದವರೇ ಲೆಕ್ಕ ತಪಾಸಣೆ ಮಾಡಬಾರದು ಎಂಬುದು ವಾಣಿಜ್ಯದ ಮೂಲ ನಿಯಮ. ಪ್ರಯೋಗಶಾಲೆಯೂ ಇದನ್ನು ಬೇರೆ ರೂಪದಲ್ಲಿ ಪಾಲಿಸುತ್ತದೆ. ಮಗುವೊಂದು ಚಿತ್ರವನ್ನು ನೋಡಿತೇ ಇಲ್ಲವೇ ಎಂಬುದನ್ನು ವಿಡಿಯೋ ನೋಡಿ ಗುರುತಿಸಬೇಕಾಗಿದೆ ಎನ್ನೋಣ. ಅದೇ ವಿಡಿಯೋವನ್ನು ಇಬ್ಬರು ವಿದ್ಯಾರ್ಥಿಗಳು, ಒಬ್ಬರ ಬರಹವನ್ನು ಇನ್ನೊಬ್ಬರು ನೋಡದೆ, ಪ್ರತ್ಯೇಕವಾಗಿ ಗುರುತಿಸುತ್ತಾರೆ. ಪ್ರಯೋಗದಿಂದ ಯಾವ ಫಲಿತಾಂಶ ನಿರೀಕ್ಷಿಸಲಾಗಿದೆ ಎಂಬುದನ್ನು ಇಬ್ಬರಿಗೂ ತಿಳಿಸಿರುವುದಿಲ್ಲ. ಬಳಿಕ ಎರಡನ್ನೂ ತಾಳೆ ನೋಡಲಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನೂರು ತುಣುಕುಗಳಲ್ಲಿ ಇಬ್ಬರೂ 90ರಲ್ಲಿ ಒಮ್ಮತ ತೋರಿದರೆ ಕೆಲಸ ಉತ್ತಮವೆಂದು ಯಾರಿಗಾದರೂ ತೋರುತ್ತದೆ. ಆದರೆ ಇಬ್ಬರೂ ನೂರರಲ್ಲಿ 90 ಬಾರಿ ‘ಹೌದು’ ಎಂದು ಬರೆದಿದ್ದರೆ, ವಿಡಿಯೋ ನೋಡದೆ ಕುರುಡಾಗಿ ಬರೆದರೂ 82ರಲ್ಲಿ ಒಮ್ಮತ ಬರುವ ಸಂಭವವಿರುತ್ತದೆ. ಇಬ್ಬರೂ ಹೌದು ಎನ್ನುವ ಸಂಭವ 81, ಇಬ್ಬರೂ ಇಲ್ಲ ಎನ್ನುವ ಸಂಭವ 1, ಒಟ್ಟು 82. ಹಾಗಾದರೆ ನಿಜವಾದ ಗಳಿಕೆ 8 ಮಾತ್ರ, ಗಳಿಸಬಹುದಾಗಿದ್ದುದು 18. ಎಂಟನ್ನು ಹದಿನೆಂಟರಿಂದ ಭಾಗಿಸಿದರೆ ದೊರೆಯುವುದು 0.44. ಜೇಕಬ್ ಕೋಹೆನ್ 1960ರಲ್ಲಿ ಪ್ರಕಟಿಸಿದ ಕಪ್ಪಾ ಎಂಬ ಅಳತೆ ಇದೇ. ನೂರಕ್ಕೆ ತೊಂಬತ್ತು ಎಂದು ಸಂತೋಷಪಟ್ಟ ಕೆಲಸ ವಾಸ್ತವವಾಗಿ ಅರ್ಧಕ್ಕಿಂತಲೂ ಕಡಿಮೆ ದರ್ಜೆಯದು. ಬಹುಪಾಲು ಮಾಲು ಹೇಗೂ ಸರಿಯಾಗಿಯೇ ಇರುವ ಕಾರ್ಖಾನೆಯಲ್ಲಿ, ಗುಣಮಟ್ಟ ಪರೀಕ್ಷಕರು ಎಲ್ಲದಕ್ಕೂ ‘ಸರಿ’ ಎಂದು ಮುದ್ರೆ ಒತ್ತುತ್ತಾ ಹೋದರೂ ಅವರ ತೀರ್ಪುಗಳು ಪರಸ್ಪರ ಹೊಂದಿಕೊಳ್ಳುತ್ತವೆ ಎಂಬುದನ್ನು ತಯಾರಕರು ಮರೆಯಬಾರದು.

ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗಬಹುದು ಎಂಬುದಕ್ಕೆ 2009ರ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಎಫ್‌ಎಂಆರ್‌ಐ ಯಂತ್ರದಲ್ಲಿರಿಸಿ ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು. ಅಗತ್ಯವಾದ ತಿದ್ದುಪಡಿ ಇಲ್ಲದೆ ವಿಶ್ಲೇಷಿಸಿದಾಗ ಸತ್ತ ಮೀನಿನ ಮಿದುಳಿನಲ್ಲಿಯೂ ‘ಚಟುವಟಿಕೆ’ ಕಂಡುಬಂದಿತು! ಕಾರಣ ಸರಳ. ಮಿದುಳಿನ ಚಿತ್ರವನ್ನು ಸಹಸ್ರಾರು ಪುಟ್ಟ ಘನಗಳಾಗಿ ವಿಂಗಡಿಸಿ ಒಂದೊಂದನ್ನೂ ಪರೀಕ್ಷಿಸಲಾಗುತ್ತದೆ. ಅಂಥ 50,000 ಘನಗಳಿದ್ದು, ಸಾವಿರಕ್ಕೆ ಒಂದರಂತೆ ತಪ್ಪಿಗೆ ಅವಕಾಶವಿದ್ದರೂ 50 ಕಡೆ ಸುಳ್ಳು ಸಂಕೇತ ಬರುತ್ತದೆ. ಈ ಕೆಲಸಕ್ಕೆ 2012ರಲ್ಲಿ ವಿನೋದದ ಇಗ್ ನೊಬೆಲ್ ಬಹುಮಾನ ಬಂದರೂ ಅದರ ಪಾಠ ಗಂಭೀರವಾದುದೇ ಆಗಿತ್ತು.

ಇದರ ಹಿಂದೆಯೇ ಇನ್ನಷ್ಟು ಕಹಿ ಸತ್ಯಗಳು ಹೊರಬಿದ್ದವು. ನರವಿಜ್ಞಾನದ ಅಧ್ಯಯನಗಳಲ್ಲಿ ನಿಜವಾದ ಪರಿಣಾಮವನ್ನು ಪತ್ತೆಮಾಡುವ ಸಾಮರ್ಥ್ಯದ ಮಧ್ಯಮ ಪ್ರಮಾಣ ಕೇವಲ ಶೇ. 21ರಷ್ಟು ಎಂದು ಕ್ಯಾಥರಿನ್ ಬಟನ್ ಮತ್ತು ಸಂಗಡಿಗರು 2013ರಲ್ಲಿ ಅಂದಾಜು ಮಾಡಿದರು. ಮನಃಶಾಸ್ತ್ರದ 100 ಅಧ್ಯಯನಗಳನ್ನು ಪುನಃ ನಡೆಸಿ ನೋಡಿದಾಗ ಸುಮಾರು ಶೇ. 36ರಲ್ಲಿ ಮಾತ್ರ ಗಣನೀಯ ಫಲಿತಾಂಶ ಬಂದಿತೆಂದು 2015ರಲ್ಲಿ ಪ್ರಕಟವಾಯಿತು. ಮಿದುಳಿನ ರಚನೆಗೂ ವ್ಯಕ್ತಿಯ ನಡವಳಿಕೆಗೂ ಇರುವ ಸಂಬಂಧವನ್ನು ನೆಚ್ಚಬಹುದಾದಂತೆ ತಿಳಿಯಲು ಸಾವಿರಾರು ಮಂದಿಯ ಮಾಹಿತಿ ಬೇಕೆಂದು 2022ರ ಅಧ್ಯಯನವೊಂದು ತೋರಿಸಿತು. ಜನ ಹೆಚ್ಚಿದಂತೆ ಅಳೆಯುವ, ಬರೆಯುವ, ತಾಳೆ ನೋಡುವ ಕೈಗಳೂ ಹೆಚ್ಚಬೇಕು. ಹೀಗಾಗಿ ಪದವಿ ವಿದ್ಯಾರ್ಥಿಯ ಎಚ್ಚರವು ವಿಜ್ಞಾನದ ನಂಬಿಕೆಯ ಪ್ರಶ್ನೆಯೇ ಆಗಿದೆ.

ಪ್ರತಿಫಲದ ಪ್ರಶ್ನೆ

ಈ ದುಡಿಮೆಗೆ ಪ್ರತಿಫಲ ಮೂರು ಬಗೆಯಲ್ಲಿ ಸಲ್ಲುತ್ತದೆ: ಸಂಬಳ, ಪದವಿಗೆ ಸೇರುವ ಕ್ರೆಡಿಟ್, ಅಥವಾ ಎರಡೂ ಇಲ್ಲದ ಸ್ವಯಂಸೇವೆ. ಮೊದಲಿನದು ಎಲ್ಲರಿಗೂ ದೊರೆಯುವುದಿಲ್ಲ. ಎರಡನೆಯದರಲ್ಲಿ ಒಂದು ವೈಚಿತ್ರ್ಯವಿದೆ. ಅಮೆರಿಕದಲ್ಲಿ ಕ್ರೆಡಿಟ್‌ಗೆ ಶುಲ್ಕವಿದೆ. ಅಂದರೆ ವಿದ್ಯಾರ್ಥಿ ತಾನು ದುಡಿಯುವ ಗಂಟೆಗಳಿಗೆ ತಾನೇ ಹಣ ತೆತ್ತಂತಾಗುತ್ತದೆ. ಹಾಗಿದ್ದರೂ ಸ್ಥಾನಗಳಿಗೆ ಪೈಪೋಟಿ ಇರುವುದೇಕೆ? ಪಿಎಚ್‌ಡಿಗೆ ಅಥವಾ ವೈದ್ಯಕೀಯ ಶಿಕ್ಷಣಕ್ಕೆ ಅರ್ಜಿ ಹಾಕುವಾಗ ಸಂಶೋಧನೆಯ ಅನುಭವ ಮತ್ತು ಪ್ರಾಧ್ಯಾಪಕರ ಶಿಫಾರಸು ಪತ್ರಗಳಿಗೆ ಬಹಳ ಬೆಲೆಯಿದೆ. ಆ ಪತ್ರವೇ ಅಲ್ಲಿನ ನಿಜವಾದ ನಾಣ್ಯ.

ಅಂಕಿಗಳಲ್ಲಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ವಾರಕ್ಕೆ 10 ಗಂಟೆಯಂತೆ 15 ವಾರಗಳ ಒಂದು ಸೆಮಿಸ್ಟರ್‌ಗೆ 150 ಗಂಟೆ. ಹತ್ತು ವಿದ್ಯಾರ್ಥಿಗಳು ಎರಡು ಸೆಮಿಸ್ಟರ್ ದುಡಿದರೆ 3,000 ಗಂಟೆ. ವಾರಕ್ಕೆ 40 ಗಂಟೆಯ ಪೂರ್ಣಾವಧಿ ನೌಕರರ ವಾರ್ಷಿಕ ದುಡಿಮೆ 2,080 ಗಂಟೆ. ಎಂದರೆ ಸುಮಾರು ಒಂದೂವರೆ ನೌಕರರ ಕೆಲಸ ಪ್ರಯೋಗಶಾಲೆಯ ಸಂಬಳದ ಪಟ್ಟಿಗೆ ಬಾರದೆ ನಡೆದುಹೋಗುತ್ತದೆ. ಆದರೆ ಜಮೆಯ ಬದಿಯನ್ನಷ್ಟೇ ನೋಡಿದರೆ ಸಾಲದು. ಹೊಸಬರಿಗೆ ಟೋಪಿ ತೊಡಿಸುವುದನ್ನು ಕಲಿಸಲು ಪಿಎಚ್‌ಡಿ ವಿದ್ಯಾರ್ಥಿಯ ಹಲವು ವಾರಗಳು ವ್ಯಯವಾಗುತ್ತವೆ. ಕಲಿತವರು ಪದವಿ ಮುಗಿದೊಡನೆ ಹೊರಡುತ್ತಾರೆ. ಅದಕ್ಕಾಗಿಯೇ ಅನೇಕ ಪ್ರಯೋಗಶಾಲೆಗಳು ಕನಿಷ್ಠ ಒಂದು ವರ್ಷ ಇರುವುದಾಗಿ ಮಾತು ಪಡೆಯುತ್ತವೆ. ತರಬೇತಿ ಕೊಟ್ಟ ಹುಡುಗ ಪಕ್ಕದ ಕಾರ್ಖಾನೆಗೆ ಹೋದನೆಂದು ಕೊರಗುವ ನಮ್ಮ ಉದ್ಯಮಿಗಳಿಗೆ ಇದು ಪರಿಚಿತ ಸಮಸ್ಯೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಅಮೆರಿಕದ 1938ರ ನ್ಯಾಯಸಮ್ಮತ ಕಾರ್ಮಿಕ ಮಾನದಂಡಗಳ ಕಾಯ್ದೆ ಕನಿಷ್ಠ ವೇತನವನ್ನು ವಿಧಿಸುತ್ತದೆ. ತರಬೇತಿ ಪಡೆಯುವವರು ಅದರ ವ್ಯಾಪ್ತಿಗೆ ಬರುವರೇ ಎಂಬ ಪ್ರಶ್ನೆ 1947ರಲ್ಲಿಯೇ, ರೈಲ್ವೆ ಕಂಪನಿಯೊಂದರ ತರಬೇತಿದಾರರ ಸಂಬಂಧದಲ್ಲಿ, ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ಬಾರದೆಂದು ತೀರ್ಮಾನವಾಯಿತು. ಲಾಭದಾಯಕ ಸಂಸ್ಥೆಗಳಲ್ಲಿನ ಇಂಟರ್ನ್‌ಗಳ ವಿಷಯದಲ್ಲಿ, ಈ ವ್ಯವಸ್ಥೆಯಿಂದ ಮುಖ್ಯವಾಗಿ ಪ್ರಯೋಜನ ಪಡೆಯುವವರು ಯಾರು ಎಂಬುದನ್ನೇ ಒರೆಗಲ್ಲಾಗಿ ನೋಡಬೇಕೆಂಬ ಸೂತ್ರವನ್ನು ಅಲ್ಲಿನ ಕಾರ್ಮಿಕ ಇಲಾಖೆ 2018ರಲ್ಲಿ ಅಂಗೀಕರಿಸಿತು.

ಕಾನೂನಿನ ಆಚೆಗೂ ಒಂದು ನ್ಯಾಯದ ಪ್ರಶ್ನೆ ಉಳಿಯುತ್ತದೆ. ಸಂಜೆ ಹೋಟೆಲಿನಲ್ಲಿ ದುಡಿದು ಶುಲ್ಕ ಕಟ್ಟುವ ವಿದ್ಯಾರ್ಥಿಗೆ ವಾರಕ್ಕೆ ಹತ್ತು ಗಂಟೆಯನ್ನು ಉಚಿತವಾಗಿ ಕೊಡುವ ಸಾಮರ್ಥ್ಯ ಎಲ್ಲಿಂದ ಬರಬೇಕು? ಉಚಿತ ದುಡಿಮೆಯೇ ಪ್ರವೇಶದ್ವಾರವಾದರೆ ಉಳ್ಳವರ ಮಕ್ಕಳಷ್ಟೇ ಒಳಗೆ ಬರುತ್ತಾರೆ. 1964ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ವರ್ಕ್-ಸ್ಟಡಿ ಯೋಜನೆ ಇದಕ್ಕೆ ಭಾಗಶಃ ಪರಿಹಾರ. ಆರ್ಥಿಕ ಅಗತ್ಯವುಳ್ಳ ವಿದ್ಯಾರ್ಥಿಯ ವೇತನದ ಹೆಚ್ಚಿನ ಪಾಲನ್ನು ಸರ್ಕಾರವೂ ಉಳಿದುದನ್ನು ಸಂಸ್ಥೆಯೂ ಭರಿಸುವ ಈ ಪದ್ಧತಿಯಿಂದ ಪ್ರಯೋಗಶಾಲೆಗೂ ಅನುಕೂಲವಾಗಿದೆ.

ಕಿರಿಯರು ಕಂಡ ದೋಷ

ಬಾಗಿಲು ಎಲ್ಲರಿಗೂ ತೆರೆದಿದ್ದರೆ ದೊರೆಯುವ ಲಾಭವೇನು ಎಂಬುದಕ್ಕೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉದಾಹರಣೆ ಉತ್ತಮವಾದುದು. ಇಇಜಿಯ ಸಾಮಾನ್ಯ ಟೋಪಿ ದಪ್ಪನೆಯ ಗುಂಗುರು ಕೂದಲಿನವರಿಗೆ ಸರಿಯಾಗಿ ಕೂರುವುದಿಲ್ಲ; ವಿದ್ಯುದ್ವಾರಗಳು ಚರ್ಮವನ್ನು ಮುಟ್ಟದೆ ಸಂಕೇತ ಕೆಡುತ್ತದೆ. ಅಂಥವರ ಮಾಹಿತಿಯನ್ನು ಕೈಬಿಡುವುದು ಸಾಮಾನ್ಯವಾಗಿತ್ತು. ಪ್ರಾಧ್ಯಾಪಕ ಪುಲ್ಕಿತ್ ಗ್ರೋವರ್ ಅವರ ಪ್ರಯೋಗಶಾಲೆಯನ್ನು ಸೇರಿದ ಆರ್ನೆಲ್ ಎಟಿಯೆನ್ ಎಂಬ ಪದವಿ ವಿದ್ಯಾರ್ಥಿನಿ ಇದಕ್ಕೆ ಪರಿಹಾರ ಹುಡುಕಿದರು. ಕೂದಲನ್ನು ತಲೆಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದರೆ, ಹೆಣಿಗೆಗಳ ನಡುವೆ ಚರ್ಮ ತೆರೆದುಕೊಳ್ಳುತ್ತದೆ. ಆ ಹೆಣಿಗೆಗಳಿಗೇ ಸಿಕ್ಕಿಸುವ ಕ್ಲಿಪ್ಪಿನಿಂದ ವಿದ್ಯುದ್ವಾರವನ್ನು ಒತ್ತಿ ಹಿಡಿಯಬಹುದು. ಸೆವೋ ಎಂದು ಹೆಸರಿಸಲಾದ ಈ ಸಾಧನದ ವಿವರ 2020ರಲ್ಲಿ ಪ್ರಕಟವಾಯಿತು. ಹೇಟಿಯ ಕ್ರಿಯೋಲ್ ಭಾಷೆಯಲ್ಲಿ ಆ ಪದಕ್ಕೆ ಮಿದುಳು ಎಂದರ್ಥ.

ಕ್ಲಿಪ್ಪು ಎಂಬುದು ಅಗ್ಗದ ವಸ್ತು. ಆದರೆ ದಶಕಗಳಿಂದ ತಜ್ಞರು ‘ಕೂದಲಿನ ತೊಂದರೆ’ ಎಂದು ಬದಿಗಿಟ್ಟಿದ್ದುದನ್ನು ಟೋಪಿಯ ದೋಷವೆಂದು ಗುರುತಿಸಿದ್ದು ಮುಖ್ಯ. ಹೆಣಿಗೆಯ ಪರಿಚಯವಿದ್ದ ಒಬ್ಬ ವಿದ್ಯಾರ್ಥಿನಿ ಆ ಕೋಣೆಗೆ ಬಾರದಿದ್ದರೆ ಗಿರಾಕಿಯನ್ನು ದೂರುವ ಪದ್ಧತಿಯೇ ಮುಂದುವರಿಯುತ್ತಿತ್ತು.

ಮೇಲ್ವೆಚ್ಚದ ವಿವಾದ

ಈ ವ್ಯವಸ್ಥೆಯ ಆರ್ಥಿಕ ಬುನಾದಿ 2025ರಲ್ಲಿ ಅಲುಗಾಡಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಸಂಶೋಧನೆಗೆ ಅನುದಾನ ನೀಡುವಾಗ ನೇರ ವೆಚ್ಚದ ಜೊತೆಗೆ ಕಟ್ಟಡ, ವಿದ್ಯುತ್, ಆಡಳಿತ ಮುಂತಾದ ಪರೋಕ್ಷ ವೆಚ್ಚವನ್ನೂ ಶೇಕಡಾವಾರು ದರದಲ್ಲಿ ಕೊಡುತ್ತವೆ. ಈ ದರ ಸರಾಸರಿ ಶೇ. 27ರಿಂದ 28, ಕೆಲವು ಪ್ರಸಿದ್ಧ ವಿಶ್ವವಿದ್ಯಾಲಯಗಳಲ್ಲಿ ಶೇ. 60ಕ್ಕೂ ಅಧಿಕ. ಅದನ್ನು ಎಲ್ಲರಿಗೂ ಶೇ. 15ಕ್ಕೆ ಮಿತಗೊಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಲಾಯಿತು. ವಿಶ್ವವಿದ್ಯಾಲಯಗಳು ಮತ್ತು ರಾಜ್ಯಗಳು ನ್ಯಾಯಾಲಯದ ಮೊರೆಹೋದವು. ಏಪ್ರಿಲ್‌ನಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯವು ಆ ಆದೇಶಕ್ಕೆ ಶಾಶ್ವತ ತಡೆ ನೀಡಿತು. ಮೇಲ್ವೆಚ್ಚವನ್ನು ಕಡಿತಗೊಳಿಸುವುದು ಕಾಗದದ ಮೇಲೆ ಸುಲಭ. ಆದರೆ ಅದರೊಳಗೆ ಏನೇನು ಅಡಗಿದೆ ಎಂಬುದನ್ನು ವಿಂಗಡಿಸದೆ ಕತ್ತರಿ ಆಡಿಸಿದರೆ ಮೊದಲು ಉದುರುವುದು ಹೆಸರಿಲ್ಲದ ಖರ್ಚುಗಳು. ಕಿರಿಯರ ತರಬೇತಿಯೂ ಅಂಥ ಖರ್ಚುಗಳಲ್ಲೊಂದು.

ಕರ್ನಾಟಕದಲ್ಲಿ

ನಮ್ಮ ರಾಜ್ಯದಲ್ಲಿ ಈ ಶಾಸ್ತ್ರಕ್ಕೆ ಗಟ್ಟಿ ನೆಲೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ ಸುಪ್ರಸಿದ್ಧ. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ನೆರವಿನಿಂದ ಸ್ಥಾಪಿತವಾದ ಮಿದುಳು ಸಂಶೋಧನಾ ಕೇಂದ್ರವು ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ 45 ವರ್ಷ ಮೇಲ್ಪಟ್ಟ 10,000 ಗ್ರಾಮೀಣರನ್ನು ದೀರ್ಘಕಾಲ ಅಭ್ಯಸಿಸುವ ಗುರಿಯಿಟ್ಟುಕೊಂಡು ಕಾರ್ಯ ಕೈಗೊಂಡಿದೆ. ಇಂಥ ಕೆಲಸಕ್ಕೆ ಹಳ್ಳಿಯ ಹಿರಿಯರನ್ನು ಅವರ ಮಾತಿನಲ್ಲಿಯೇ ಕೇಳಿ, ಉತ್ತರವನ್ನು ತಿದ್ದದೆ ಬರೆದುಕೊಳ್ಳಬಲ್ಲ ಯುವಕ ಯುವತಿಯರು ಅತ್ಯವಶ್ಯ.

ಪದವಿ ಮಟ್ಟದಲ್ಲಿ ಸಂಶೋಧನೆಗೆ ಅವಕಾಶ ಇನ್ನೂ ಸೀಮಿತ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಸಂಶೋಧನಾಪ್ರಧಾನವಾದ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಯೋಜನೆ ಇತರ ಕಾಲೇಜುಗಳ ವಿದ್ಯಾರ್ಥಿಗಳಿಗೂ ಎರಡು ತಿಂಗಳ ಅವಕಾಶವನ್ನು ಭತ್ಯೆಯೊಡನೆ ಕಲ್ಪಿಸುತ್ತ ಬಂದಿದೆ. 2021ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಅವಧಿಯ ಚರ್ಚೆ ಏನೇ ಇರಲಿ, ಜಿಲ್ಲಾ ಕೇಂದ್ರದ ಕಾಲೇಜಿನ ವಿದ್ಯಾರ್ಥಿಗೆ ಪ್ರಯೋಗಶಾಲೆಯ ಬಾಗಿಲು ದೂರವೇ ಉಳಿದಿದೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಕಲಿಯುವವರಿಗೆ ಒಪ್ಪಿಸುವ ಕೆಲಸದ ಕ್ರಮವನ್ನು ಲಿಖಿತವಾಗಿಡುವುದು. ಪ್ರಯೋಗಶಾಲೆಯಲ್ಲಿ ಪ್ರತಿ ಹಂತಕ್ಕೂ ಪಟ್ಟಿಯಿದೆ. ಇದರಿಂದ ಒಬ್ಬರು ಬಿಟ್ಟುಹೋದರೂ ವಿದ್ಯೆ ಬಿಟ್ಟುಹೋಗುವುದಿಲ್ಲ.

2. ಮುಖ್ಯ ಎಣಿಕೆಗಳನ್ನು ಇಬ್ಬರಿಂದ ಪ್ರತ್ಯೇಕವಾಗಿ ಮಾಡಿಸುವುದು. ದಾಸ್ತಾನು ಎಣಿಸುವವರ ಕೈಗೆ ಪುಸ್ತಕದ ಅಂಕಿಯನ್ನು ಮೊದಲೇ ಕೊಡಬಾರದು. ನಿರೀಕ್ಷಿತ ಫಲಿತಾಂಶ ತಿಳಿದ ಕಣ್ಣು ಅದನ್ನೇ ಕಾಣುತ್ತದೆ.

3. ತಪ್ಪನ್ನು ತಾನಾಗಿ ಬಂದು ಹೇಳಿದ ಕಿರಿಯರನ್ನು ದಂಡಿಸದಿರುವುದು. ದಾಖಲಾದ ತಪ್ಪನ್ನು ಸರಿಪಡಿಸಬಹುದು. ಮುಚ್ಚಿಟ್ಟ ತಪ್ಪು ಇಡೀ ಲೆಕ್ಕವನ್ನು ಕೆಡಿಸುತ್ತದೆ.

4. ಶಿಷ್ಯವೇತನವನ್ನು ಬಿಡದೆ ಕೊಡುವುದು. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಶಿಷ್ಯವೇತನವನ್ನು ಕಡ್ಡಾಯಗೊಳಿಸಿದೆ. 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಲೆಕ್ಕ ಪರಿಶೋಧಕರ ಕಚೇರಿಗಳಲ್ಲಿಯೂ ಆರ್ಟಿಕಲ್ಡ್ ಸಹಾಯಕರಿಗೆ ಕನಿಷ್ಠ ಮೊತ್ತ ನಿಗದಿಯಾಗಿದೆ.

5. ಕೆಲಸದ ಅವಧಿ, ಕಲಿತ ವಿಷಯ ಮತ್ತು ನಡತೆಯನ್ನು ನಮೂದಿಸಿದ ಪ್ರಾಮಾಣಿಕ ಪತ್ರವನ್ನು ಕೊನೆಯಲ್ಲಿ ನೀಡುವುದು. ಕೊಡುವವರಿಗೆ ಅರ್ಧ ಗಂಟೆಯ ಕೆಲಸ. ಪಡೆಯುವವರಿಗೆ ಮುಂದಿನ ಮೆಟ್ಟಿಲು.

ಕಡೆಯದಾಗಿ ಒಂದು ಸಲಹೆ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ನಿನ ಸಾಮಾಜಿಕ ಹೊಣೆಗಾರಿಕೆ ನಿಯಮ ದೊಡ್ಡ ಕಂಪನಿಗಳಿಗೆ ಅನ್ವಯಿಸುವಂಥದು; ಸಣ್ಣ ಉದ್ಯಮಿಗಳಲ್ಲಿ ಹೆಚ್ಚಿನವರು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಮಾಡಬಹುದಾದ ಕೆಲಸವೊಂದಿದೆ. ತಿಂಗಳಿಗೆ 10,000 ರೂಪಾಯಿಯಂತೆ ಎರಡು ಬೇಸಿಗೆ ತಿಂಗಳುಗಳಿಗೆ ಹತ್ತು ಸ್ಥಳೀಯ ವಿದ್ಯಾರ್ಥಿಗಳಿಗೆ ನೆರವು ನೀಡಲು ಬೇಕಾಗುವುದು 2 ಲಕ್ಷ ರೂಪಾಯಿ. ಇಪ್ಪತ್ತು ಸದಸ್ಯರು ಹಂಚಿಕೊಂಡರೆ ತಲಾ 10,000. ಪ್ರಯೋಗಶಾಲೆಯಲ್ಲಿ ಸ್ಥಾನ ಗಿಟ್ಟಿಸಿಯೂ ಬೆಂಗಳೂರಿನ ವಸತಿ ಊಟದ ಖರ್ಚಿಗೆ ಹೆದರಿ ಅವಕಾಶ ಬಿಡುವ ಸ್ಥಿತಿ ಯಾವ ವಿದ್ಯಾರ್ಥಿಗೂ ಬಾರದಿರಲು ಅಷ್ಟು ಸಾಕು. ಆ ಹತ್ತು ಮಂದಿಯಲ್ಲಿ ಎಲ್ಲರೂ ವಿಜ್ಞಾನಿಗಳಾಗಬೇಕಿಲ್ಲ. ಅಳೆಯುವುದನ್ನು, ಬರೆದಿಡುವುದನ್ನು, ತಾಳೆ ನೋಡುವುದನ್ನು ಕಲಿತು ಬಂದವರು ಯಾವ ಕಾರ್ಖಾನೆಗಾದರೂ, ಯಾವ ಗದ್ದುಗೆಗಾದರೂ ಬೇಕಾದವರೇ.